ಮಾತ್ರೆ ಸರಿಯಿದೆ, ಸಾಲು ಎಡವುತ್ತಿದೆ

ಪ್ರಿಯರೇ,

ನಿಮ್ಮ ಪುಟ್ಟ ಕವಿತೆ ಓದಿದೆ. 'ಪ್ರತಿ ಸಾಲಿಗೂ 15 ಮಾತ್ರೆ, ಹಾಗಾಗಿ ಛಂದಸ್ಸಿನ ತಪ್ಪಿಲ್ಲ' ಎಂಬ ಟಿಪ್ಪಣಿಯನ್ನೂ ನೋಡಿದೆ. ಮಾತ್ರೆ ಎಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಆದರೆ ತಿದ್ದುವಷ್ಟು ಕಸುವು ಇದರಲ್ಲಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಪದ್ಯ ಇದು:

ಕತ್ತಲು ಕರಗಿತು ಮೆಲ್ಲನೆ ಇಂದು
ಬೆಳಕಿನ ಹನಿಗಳು ಬಿದ್ದವು ಬಂದು
ಕಿಟಕಿಯ ಬಳಿ ನಿಂತೆ ನಾನು ಒಂಟಿ
ಯಾರೂ ಇಲ್ಲ, ಯಾರೂ ಇಲ್ಲ

ಮೊದಲೆರಡು ಸಾಲು 4, 4, 4, 3 ಮಾತ್ರೆಗಳ ಗಣಗಳಾಗಿ, ಅಂದರೆ ಗುಂಪುಗಳಾಗಿ, ಸಲೀಸಾಗಿ ನಡೆಯುತ್ತವೆ. ಗಣ ಮುಗಿದಲ್ಲೇ ಪದವೂ ಮುಗಿಯುತ್ತದೆ. ಈಗ ಮೂರನೆಯದನ್ನು ಜೋರಾಗಿ ಓದಿ. ಕೂಡಿಸಿದರೆ ಅಲ್ಲೂ 15 ನಿಜ. ಗಣ ಬಿಡಿಸಿ ನೋಡಿ: ಕಿಟಕಿಯ | ಬಳಿ ನಿಂ | ತೆ ನಾನು | ಒಂಟಿ. 'ನಿಂತೆ' ಎರಡು ತುಂಡಾಯಿತು, ಅಲ್ವಾ? ಅದಕ್ಕಿಂತ ಜಾಸ್ತಿ ತೊಂದರೆ 'ತೆ ನಾನು' ಎಂಬಲ್ಲಿದೆ. ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು), ಲಘು. ಗಣದ ಶುರುವಿಗೆ ಲಘು, ಅದರ ಬೆನ್ನಿಗೇ ಗುರು ಬಂದರೆ ನಾಲ್ಕರ ನಡೆ ಮುಗ್ಗರಿಸುತ್ತದೆ. ಆರು ಸಾಲಿನ ಪದ್ಯವಾದ ಷಟ್ಪದಿಯ ನಿಯಮಗಳು ಇಂಥ ಗಣವನ್ನು ದೂರ ಇಟ್ಟದ್ದು ಇದಕ್ಕೇ. 'ಕಿಟಕಿಯ ಬಳಿಯೇ ಸುಮ್ಮನೆ ನಿಂತೆ' ಎಂದು ಓದಿ ನೋಡಿ. ಮಾತ್ರೆ ಅಷ್ಟೇ ಇದೆ, ನಡೆ ಕೂಡಿತು. 'ಒಂಟಿ' ಹೋದದ್ದೂ ಒಳ್ಳೆಯದೇ. ಮುಂದಿನ ಸಾಲು ಹೇಳಬೇಕಾದ್ದನ್ನು ಅದು ಮೊದಲೇ ಹೇಳಿಬಿಡುತ್ತಿತ್ತು.

ಪ್ರಾಸದ ವಿಷಯ. 'ಬಿದ್ದವು ಬಂದು' ಎಂದು ಯಾರೂ ಮಾತಾಡುವುದಿಲ್ಲ. 'ಇಂದು' ಇದೆ ಎಂದು 'ಬಂದು' ಬಂದಿದೆ, ಅಷ್ಟೇ. ಅಂತ್ಯಪ್ರಾಸ ಹಟ ಮಾಡಿದರೆ ಸಾಲುಗಳ ಎರಡನೇ ಅಕ್ಷರ ಒಂದೇ ಆಗುವ ಆದಿಪ್ರಾಸ ನೆನಪಿಸಿಕೊಳ್ಳಿ: ಮೊದಲ ಸಾಲಿನ 'ಕತ್ತಲು'ವಿಗೆ 'ಸುತ್ತಲು ಬೆಳಕಿನ ಹನಿಗಳು ಚೆಲ್ಲಿ' ಎಂದರೆ ಎರಡನೇ ಅಕ್ಷರ 'ತ್ತ' ಸಹಜವಾಗಿ ಕೂಡುತ್ತದೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು.

ನಾಲ್ಕನೇ ಸಾಲಿನಲ್ಲಿ ಇರುವುದು 14 ಮಾತ್ರೆ, ನೀವು ತಪ್ಪಾಗಿ ಎಣಿಸಿದ್ದೀರಿ. ಆದರೆ ಕವಿತೆಯ ಅತಿ ಒಳ್ಳೆಯ ಸಾಲು ಅದೇ! ಮೊದಲ 'ಇಲ್ಲ' ಆದ ಮೇಲೆ ನಾಲಿಗೆ ತಾನಾಗಿಯೇ ಒಂದು ಮಾತ್ರೆ ನಿಲ್ಲುತ್ತದೆ. ಯಾರಾದರೂ ಓಗೊಡುತ್ತಾರೇನೋ ಎಂದು ಕಾದ ಹಾಗೆ ಕೇಳಿಸುತ್ತದೆ. ಇದನ್ನು ದಯವಿಟ್ಟು 15ಕ್ಕೆ ಏರಿಸಬೇಡಿ.

ಎರಡನೇ ಪದ್ಯದಲ್ಲಿ ಹೆಜ್ಜೆ ಸಪ್ಪಳ ಕೇಳಿ ಬಾಗಿಲು ತೆರೆದ ಮೇಲೆ ಇದೇ ಸಾಲು ಮತ್ತೆ ಬರುತ್ತದೆ. ಮೊದಲ ಸಲ ಅದು ಬರೀ ಸುದ್ದಿ, ಈ ಸಲ ನಿರಾಸೆ. ಅಕ್ಷರ ಬದಲಾಗದೆ ಅರ್ಥ ಬದಲಾಗಿದೆ. ಅದು ನನಗೆ ತುಂಬ ಇಷ್ಟವಾಯಿತು. ಆಮೇಲೆ ಕೊನೆಯಲ್ಲಿ ಅದನ್ನೇ ಮೂರನೇ ಸಲ ಬರೆದಿದ್ದೀರಿ. ಅಷ್ಟರಲ್ಲಿ ಹೊಸದೇನೂ ನಡೆದಿರುವುದಿಲ್ಲ. ಅದನ್ನು ತೆಗೆದು, ಮೇಲಿನದನ್ನು ತಿದ್ದಿ ಕಳಿಸಿ.