64 ಬೇಡ, 60 ಸಾಕು

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟದ ಪಂದ್ಯಾವಳಿಗೆ ಮೊದಲ ಬಾರಿ ಹೊರಟಿದ್ದೀರಿ, ಇಷ್ಟದ ಕಾರ್ಡುಗಳನ್ನು ಬಿಡಲು ಮನಸ್ಸಾಗದೆ 64 ಕಾರ್ಡುಗಳ ಡೆಕ್ (ಆಡಲು ನೀವೇ ಆರಿಸಿ ಜೋಡಿಸಿದ ಕಾರ್ಡುಗಳ ಕಟ್ಟು) ಒಯ್ಯಬಹುದೇ ಎಂದು ಕೇಳಿದ್ದೀರಿ. ನಿಯಮದ ಅಡ್ಡಿಯಿಲ್ಲ, 60 ಕನಿಷ್ಠ ಮಿತಿ ಅಷ್ಟೇ. ಆದರೂ ದಯವಿಟ್ಟು ಬೇಡ. ಯಾವ ಕಾರ್ಡನ್ನು ನಂಬಿ ಡೆಕ್ ಕಟ್ಟಿದ್ದೀರೋ ಅದರ ನಾಲ್ಕು ಪ್ರತಿಗಳಿಗಷ್ಟೇ ಅವಕಾಶ. 60ರ ಡೆಕ್ಕಿನಲ್ಲಿ ಮೊದಲ ಏಳು ಕಾರ್ಡುಗಳೊಳಗೆ ಅದು ಸಿಗುವ ಸಾಧ್ಯತೆ ಶೇ. 40ರಷ್ಟು, 64ರಲ್ಲಿ ಶೇ. 38. ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ದಿನವಿಡೀ ಸುತ್ತಿನ ಮೇಲೆ ಸುತ್ತು ಆಡುವಾಗ ಅದು ನಿಜಕ್ಕೂ ಕಾಡುತ್ತದೆ. ಬಿಟ್ಟ ನಾಲ್ಕನ್ನು, ಆಟಗಳ ನಡುವೆ ಬದಲಿಸಿಕೊಳ್ಳಲು ಪಕ್ಕಕ್ಕಿಡುವ 15 ಕಾರ್ಡುಗಳ ಸೈಡ್‌ಬೋರ್ಡಿಗೆ ಹಾಕಿಕೊಳ್ಳಿ.

ಇನ್ನೊಂದು ಮಾತು: ಕಾರ್ಡುಗಳಿಗೆ ಹೊದಿಸುವ ಪ್ಲಾಸ್ಟಿಕ್ ಸ್ಲೀವ್‌ಗಳೆಲ್ಲ ಹೊಸದಿರಲಿ. ನನ್ನದೊಂದರ ಮೂಲೆ ಉಗುರಿನಷ್ಟು ಮಡಚಿತ್ತು, ಪಂದ್ಯದ ನಡುವೆಯೇ ತೀರ್ಪುಗಾರರು ಎಚ್ಚರಿಕೆ ಕೊಟ್ಟರು. ಹಿಂಬದಿಯಿಂದ ಗುರುತು ಸಿಗುವ ಕಾರ್ಡಿಗೆ ಅಲ್ಲಿ ರಿಯಾಯಿತಿ ಇಲ್ಲ.