ಬೆಲ್ಜಿಯಂ ಒಡೆಯುತ್ತಿದೆಯೇ? ಹೌದಾದರೆ ಇಷ್ಟು ನಿಧಾನವೇಕೆ?

ದೇಶ ಇನ್ನೂ ಒಡೆದಿಲ್ಲ. ಆದರೆ 1970ರಿಂದ ಆರು ಕಂತುಗಳ ಸುಧಾರಣೆಯಲ್ಲಿ ಕೇಂದ್ರದ ಅಧಿಕಾರ ಭಾಷಾ ಪ್ರದೇಶಗಳಿಗೆ ಸೋರಿಹೋಗುತ್ತಾ ಬಂದಿದೆ.

ಇದರ ಕೀಲಿ ಇರುವುದು ಪಕ್ಷಗಳಲ್ಲಿ. ಉತ್ತರದ ಫ್ಲಾಂಡರ್ಸ್ ಡಚ್ ನುಡಿಯುತ್ತದೆ, ದಕ್ಷಿಣದ ವಲೋನಿಯಾ ಬಹುಪಾಲು ಫ್ರೆಂಚ್. 1968ರಿಂದ 1978ರೊಳಗೆ ಮೂರು ದೊಡ್ಡ ಪಕ್ಷಗಳೂ ಭಾಷೆಯ ಗೆರೆಯಲ್ಲೇ ಸೀಳಿದವು. ಆಮೇಲೆ ಡಚ್ ನಾಯಕನಿಗೆ ಫ್ರೆಂಚ್ ಮತದಾರನ ಹಂಗಿಲ್ಲ, ಅತ್ತ ಕಡೆಯೂ ಹಾಗೆಯೇ. ರಾಜಿಗೆ ಹೋದವನು ತನ್ನವರ ಮತ ಕಳೆದುಕೊಳ್ಳುತ್ತಾನೆ, ಎದುರಿನವರ ಮತವಂತೂ ಸಿಗುವುದಿಲ್ಲ. 2010ರ ಚುನಾವಣೆಯ ನಂತರ ಪೂರ್ಣ ಸರ್ಕಾರ ರಚನೆಗೆ 541 ದಿನ ಹಿಡಿದದ್ದು ಇದೇ ಲೆಕ್ಕಾಚಾರದಿಂದ.

ಜಗಳದ ತೀವ್ರತೆ ತಿಳಿಯಬೇಕಿದ್ದರೆ ಲ್ಯೂವೆನ್ ವಿಶ್ವವಿದ್ಯಾಲಯವನ್ನು ನೋಡಿ. ಅದು ಭಾಷೆಯ ಮೇಲೆ ಇಬ್ಭಾಗವಾದಾಗ ಗ್ರಂಥಾಲಯವನ್ನೂ ಹಂಚಿದರು: ಬೆಸ ಕ್ರಮಸಂಖ್ಯೆಯ ಪುಸ್ತಕಗಳು ಒಬ್ಬರಿಗೆ, ಸಮ ಕ್ರಮಸಂಖ್ಯೆಯವು ಇನ್ನೊಬ್ಬರಿಗೆ. ಅಣ್ಣತಮ್ಮಂದಿರು ಪಾತ್ರೆ ಪಾಲು ಮಾಡಿಕೊಂಡ ಹಾಗೆ!

ಪೂರ್ತಿ ಬೇರೆಯಾಗಲು ಮುಖ್ಯ ತೊಡಕು ರಾಜಧಾನಿ ಬ್ರಸೆಲ್ಸ್. ಸುತ್ತಲೂ ಫ್ಲಾಂಡರ್ಸ್ ನೆಲ, ಒಳಗೆ ಹೆಚ್ಚಿನವರ ಮಾತು ಫ್ರೆಂಚ್. ಆ ಊರನ್ನು ಬಿಟ್ಟುಕೊಡಲು ಇಬ್ಬರೂ ಸಿದ್ಧರಿಲ್ಲ.