ಕೈ ಕೆಂಪಾಯಿತು, ಮುಂದೆ?

ಬದಿಯಡ್ಕದ ಓದುಗರೊಬ್ಬರ ಪತ್ರ: "ನನ್ನ ಪತ್ತೇದಾರಿ ಕಾದಂಬರಿಯಲ್ಲಿ ಕಳ್ಳ ಹೊಯ್ಗೆ (ಮರಳು) ಸಾಗಾಟದ ಬೆನ್ನುಹತ್ತಿದ ಮಂಜೇಶ್ವರದ ಎಸ್‌ಐಯನ್ನು ಲಂಚದ ಸುಳ್ಳು ಕೇಸಿನಲ್ಲಿ ಸಿಕ್ಕಿಸುತ್ತಾರೆ. ಲೋಕಾಯುಕ್ತ ಪೊಲೀಸರು ಕೈ ತೊಳೆಸಿದಾಗ ನೀರು ಕೆಂಪಾಗುತ್ತದೆ. ಅಲ್ಲಿಂದ ಅವನನ್ನು ಬಿಡಿಸುವ ದಾರಿಯೇ ಕಾಣುತ್ತಿಲ್ಲ."

ಮೊದಲು ಆ ಲೋಕಾಯುಕ್ತ ಪೊಲೀಸರನ್ನು ತಲಪಾಡಿಯ ಗಡಿಯಿಂದ ಆಚೆ ಕಳಿಸಿಬಿಡಿ ಮಾರಾಯ್ರೆ, ಅದು ಕರ್ನಾಟಕದ ಕ್ರಮ. ಮಂಜೇಶ್ವರ ಕೇರಳದ್ದು, ನಮ್ಮಲ್ಲಿ ಬಲೆ ಬೀಸುವುದು ವಿಜಿಲೆನ್ಸ್, ಅಂದರೆ ಭ್ರಷ್ಟಾಚಾರ ತಡೆಯುವ ಪೊಲೀಸ್ ವಿಭಾಗ. ಕೇಸು ಹೋಗುವುದು ತಲಶ್ಶೇರಿಯ ವಿಜಿಲೆನ್ಸ್ ಕೋರ್ಟಿಗೆ.

ಇನ್ನು ಕೆಂಪು ನೀರು. ದೂರುದಾರ ತಂದ ನೋಟುಗಳ ನಂಬರನ್ನು ಸಾಕ್ಷಿಗಳೆದುರು ಮಹಜರಿನಲ್ಲಿ ಬರೆದು, ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ತೆಳುವಾಗಿ ಹಚ್ಚಿದರೆ ಕಣ್ಣಿಗೆ ಬೀಳುವುದಿಲ್ಲ. ಕೇಳಿದರೆ ಮಾತ್ರ ಕೊಡಬೇಕೆಂದು ದೂರುದಾರನಿಗೆ ಹೇಳಿರುತ್ತಾರೆ. ಅವನ ಸನ್ನೆ ಸಿಕ್ಕಿದ ಮೇಲೆ ಆರೋಪಿಯ ಬಲಗೈ, ಎಡಗೈ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಬೇರೆ ಬೇರೆಯಾಗಿ ಅದ್ದಿಸಿ, ಆ ನೀರನ್ನು ಬೇರೆ ಬೇರೆ ಬಾಟಲಿಗಳಲ್ಲಿ ಸೀಲು ಮಾಡುತ್ತಾರೆ. ಪುಡಿ ಹಚ್ಚಿದವನು ತಂಡದ ಜೊತೆ ಹೋಗಬಾರದು. ಅವನ ಬೆರಳು ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಪುಡಿ.

ನಿಮ್ಮ ಬೀಗದ ಕೈ ಇಲ್ಲೇ ಇದೆ. ನೀರು ಕೆಂಪಾದರೆ ಪುಡಿ ತಾಗಿದೆ ಎಂದಷ್ಟೇ ಅರ್ಥ, ಹಣ ಹಿಡಿದಿದ್ದಾನೆ ಎಂದಲ್ಲ. ದೂರುದಾರ ನೋಟುಗಳನ್ನು ಎಣಿಸಿ ಫೈಲಿನೊಳಗೆ ತುರುಕಿ, ಅದೇ ಕೈಯಲ್ಲಿ ಎಸ್‌ಐಯ ಕೈ ಕುಲುಕಲಿ. ಬಲಗೈಯ ಬಾಟಲಿ ಕೆಂಪು, ಎಡಗೈಯದ್ದು ತಿಳಿನೀರು. ಎಸ್‌ಐ ನೋಟು ಎಣಿಸಿ ತೆಗೆದುಕೊಂಡ ಎಂದು ದೂರುದಾರ ಹೇಳಿಕೆ ಕೊಟ್ಟಿದ್ದರೆ, ಒಂದೇ ಕೈಯಲ್ಲಿ ಎಣಿಸಿದ್ದು ಹೇಗೆ? ಬಾಟಲಿಯ ಬಣ್ಣ ದಿನ ಕಳೆದಂತೆ ಮಾಸುವುದೂ ಉಂಟು. ಆದ್ದರಿಂದ ಬಣ್ಣ ಬರೆದಿಟ್ಟ ಮಹಜರಿನ ಸಾಲನ್ನೇ ಸುಳಿವಾಗಿ ಇಡಿ.

ಕೋರ್ಟಿನಲ್ಲಿ ಇಷ್ಟೇ ಸಾಲದು, 'ಒಂದೇ ಕೈಯಲ್ಲಿ ತೆಗೆದುಕೊಂಡ' ಎಂದು ಎದುರು ವಕೀಲರು ಹೇಳಿಯಾರು. ಲಂಚ ಕೇಳಿದ್ದೂ ಪಡೆದದ್ದೂ ಎರಡೂ ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿದೆ. ಆದರೆ ದೂರುದಾರ ತಿರುಗಿಬಿದ್ದ ಮಾತ್ರಕ್ಕೆ ಕೇಸು ಬೀಳುವುದಿಲ್ಲ, ಸಾಂದರ್ಭಿಕ ಸಾಕ್ಷ್ಯದಿಂದಲೂ ಸಾಬೀತು ಮಾಡಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಹಾಗಾಗಿ ಕೊನೆಯ ಅಧ್ಯಾಯದಲ್ಲಿ ದೂರುದಾರನಿಂದ ಕಣ್ಣೀರು ಹಾಕಿಸಿ ನಾಯಕನನ್ನು ಬಿಡಿಸಬೇಡಿ.

ಬದಲಿಗೆ ದೂರಿನ ಭಾಷೆಯನ್ನು ಹಿಡಿಯಿರಿ. ದೂರುದಾರನಿಗೆ ಮಲೆಯಾಳ ಓದಲು ಬಾರದು; ಬೇರೆಯವರು ಬರೆದ ಮಲೆಯಾಳದ ದೂರಿನ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ್ದಾನೆ. ಹಣ ಕೇಳಿದ್ದೆಂದು ಅದರಲ್ಲಿರುವ ದಿನ, ನಿಮ್ಮ ಎಸ್‌ಐ ಸಾಕ್ಷಿ ಹೇಳಲು ಕಾಸರಗೋಡಿನ ಕೋರ್ಟಿನಲ್ಲಿದ್ದ.